ಒಂದು ಸೊನ್ನೆ ಕಡಿಮೆ

ಎರಡು ವರ್ಷ ತಾನು ಬೆವರು ಸುರಿಸಿದ ಪ್ರಬಂಧದಲ್ಲಿ ಲ್ಯಾಬಿನ ಕಿರಿಯಳಾದ ಹ್ಯೆರಿಮ್‌ಳ ಹೆಸರು ತನ್ನದಕ್ಕಿಂತ ಮೊದಲು ಬಂದಾಗ ಟೇಉಕ್‌ಗೆ ಪ್ರೊಫೆಸರ್ ಮೇಲೆ ಅಷ್ಟೇನೂ ಸಿಟ್ಟು ಬರಲಿಲ್ಲ. ಪ್ರೊಫೆಸರ್ ಇದ್ದದ್ದೇ ಹಾಗೆ. ಆದರೆ ಹ್ಯೆರಿಮ್‌ಗೆ ನೀರು ಸೋಸುವ ಪೊರೆ ಹಿಡಿಯಲು ಕಲಿಸಿದ್ದೇ ಅವನು. ಅವಳು ಆ ಮೊದಲ ಜಾಗವನ್ನು ಹಾಗೆಯೇ ಒಪ್ಪಿಕೊಂಡಳು. ಊಟಕ್ಕೆ ಕೂತಾಗ ಎಂದಿನಂತೆ ಅವನ ತಟ್ಟೆಗೆ ಕಿಮ್ಚಿ ಬಡಿಸಿದಳು. ಬೆನ್ನಿಗೆ ಚೂರಿ ಹಾಕಿದ ಕೈಯಲ್ಲೇ ಬಡಿಸುತ್ತಾಳಲ್ಲ ಎಂದು ಅವನು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಈಗ ದೇಜಾನ್ ನಗರದ ಸಂಶೋಧನಾಲಯದಲ್ಲಿ ಖಾಲಿಯಿದ್ದ ಒಂದೇ ಹುದ್ದೆಗೆ ಇಬ್ಬರೂ ಸಂದರ್ಶನಕ್ಕೆ ಹೋಗಬೇಕಿತ್ತು.

ನೀರಿನಲ್ಲಿ ಉಳಿದ ಕ್ರಿಮಿಗಳ ಲೆಕ್ಕ ಹತ್ತರಿಂದ ಹತ್ತು ಲಕ್ಷದವರೆಗೆ ಹರಡುತ್ತಿದ್ದುದರಿಂದ ಅವರ ಲ್ಯಾಬಿನಲ್ಲಿ ಎಲ್ಲರೂ ಬಿಡಿಸುತ್ತಿದ್ದುದು ಲಾಗ್ ಗ್ರಾಫ್. ಒಂದು ಗೀಟು ಮೇಲೇರಿದರೆ ಹತ್ತು ಪಟ್ಟು. ಗ್ರಾಫ್ ಬಿಡಿಸುವ ಪೈಥಾನ್ ಲೈಬ್ರರಿ ಗೀಟಿನ ಪಕ್ಕ ಹತ್ತರ ತಲೆಯ ಮೇಲೊಂದು ಪುಟ್ಟ ಅಂಕಿ ಬರೆಯುತ್ತಿತ್ತು. ಪ್ರೊಫೆಸರ್ ಕಣ್ಣಿಗೆ ಅದು ಕಾಣದೆಂದು, ನೂರು, ಸಾವಿರ ಎಂದು ಪೂರ್ತಿ ಸಂಖ್ಯೆ ಬರೆಯುವ ಕೋಡ್ ತುಣುಕೊಂದನ್ನು ಟೇಉಕ್ ಹಿಂದೆಯೇ ಬರೆದಿಟ್ಟಿದ್ದ. ಎಲ್ಲರ ಕಂಪ್ಯೂಟರೂ ಬಳಸುತ್ತಿದ್ದುದು ಆ ಒಂದೇ ಪ್ರತಿಯನ್ನು.

ಸಂದರ್ಶನಕ್ಕೆ ಒಂದು ವಾರವಿರುವಾಗ ಅದಕ್ಕೆ ಒಂದೇ ಸಾಲು ಸೇರಿಸಿದ: ಗ್ರಾಫ್ ತೆಗೆಯುವುದು ಹ್ಯೆರಿಮ್‌ಳ ಕಂಪ್ಯೂಟರ್ ಆದರೆ ಮಾತ್ರ ಒಂದು ಸೊನ್ನೆ ಕಡಿಮೆ. ಬಿಂದು ಕದಲದು, ಗೆರೆ ಕದಲದು. ಸ್ವಂತ ಗ್ರಾಫಿನಲ್ಲಿ ಗೀಟಿನ ಅಂಕಿಯನ್ನು ಯಾರು ಓದುತ್ತಾರೆ? ಸಂದರ್ಶನದ ಪರೀಕ್ಷಕರು ಓದುತ್ತಾರೆ. ಮೂಲ ಲೆಕ್ಕ ಪಕ್ಕದಲ್ಲಿಟ್ಟುಕೊಂಡು, ಕ್ರಿಮಿಗಳನ್ನು ಹತ್ತು ಪಟ್ಟು ಇಳಿಸಿ ತೋರಿಸಿದ ಕಳ್ಳಿ ಎನ್ನುತ್ತಾರೆ. ಆಮೇಲೆ ಆ ಸಾಲು ಅಳಿಸಿದರೆ ಮುಗಿಯಿತು. ತನ್ನ ಕಂಪ್ಯೂಟರಿನಲ್ಲಿ ತೆಗೆದು ನೋಡಿದ. ತನ್ನದು ಸರಿಯಾಗಿಯೇ ಇತ್ತು. ಬಹಳ ದಿನಗಳ ಮೇಲೆ ಅವನಿಗೆ ಹಸಿವಾಯಿತು.

ಸಂದರ್ಶನದ ಬೆಳಿಗ್ಗೆ ಬಾಗಿಲ ಹೊರಗೆ ಹ್ಯೆರಿಮ್ ಅವನ ಪಕ್ಕ ಬಂದು ಕೂತಳು. ಹಿರಿಯ ಸಹಪಾಠಿಯೆಂದು ಅವನನ್ನು ಸನ್‌ಬೆ ಎಂದೇ ಕರೆಯುತ್ತಿದ್ದಳು.

"ಸನ್‌ಬೆ, ನಿಮ್ಮ ಗ್ರಾಫಲ್ಲಿ ಅಕ್ಷರ ತೀರಾ ಸಣ್ಣದಿತ್ತು. ನನ್ನ ಕಂಪ್ಯೂಟರಲ್ಲೇ ಮತ್ತೆ ತೆಗೆದು, ಪ್ರಿಂಟ್ ಹಾಕಿ ಒಳಗೆ ಕೊಟ್ಬಿಟ್ಟಿದೀನಿ."

"ನಿಂದು?"

"ನಂದಕ್ಕೆ ಟೈಮಾಗ್ಲಿಲ್ಲ. ಹೋದ ತಿಂಗಳು ತೆಗ್ದಿದ್ದನ್ನೇ ಕೊಟ್ಟೆ. ನಿಮ್ದು ಮೊದ್ಲು ಆಗ್ಬೇಕಲ್ವಾ."

ಆ ಲ್ಯಾಬಿನಲ್ಲಿ ಎಲ್ಲರ ಹಾಳೆಗಳನ್ನೂ ಸಿದ್ಧಪಡಿಸುವ ಚಾಕರಿ ಎಲ್ಲರಿಗಿಂತ ಕಿರಿಯರದು. ಹ್ಯೆರಿಮ್ ಬರುವವರೆಗೆ ಅದನ್ನು ಟೇಉಕ್‌ನೇ ಮಾಡಿದ್ದ. ಅವಳು ಬಂದ ಮೇಲೆ ಅವನು ಪ್ರಿಂಟರ್ ಹತ್ತಿರ ಸುಳಿದಿರಲಿಲ್ಲ, ತನ್ನ ಹಾಳೆ ಯಾರ ಕಂಪ್ಯೂಟರಿನಿಂದ ಹೊರಬರುತ್ತದೆಂದು ಯೋಚಿಸಿಯೂ ಇರಲಿಲ್ಲ. ಬಾಗಿಲು ತೆರೆಯಿತು. ಪರೀಕ್ಷಕರು ಗ್ರಾಫನ್ನೂ ಮೂಲ ಲೆಕ್ಕವನ್ನೂ ಪಕ್ಕಪಕ್ಕ ಹರಡಿಕೊಂಡು ಕೂತಿದ್ದರು. ಅವರು ಕರೆದದ್ದು ಅವನ ಹೆಸರನ್ನು.