ಹೇರಳೆ ಸಿಪ್ಪೆಯ ಮೊದಲ ನೀರು

ಹಿಂದೆ, ಹುಣಸೆಗೆ ಇನ್ನೂ ಹುಳಿ ಬಂದಿರದ ಕಾಲದಲ್ಲಿ, ಹೇರಳೆಪುರ ಅನ್ನೋ ಒಂದು ರಾಜ್ಯವಿತ್ತು. ಅಲ್ಲಿ ಉಪ್ಪಿನಕಾಯಿ ಮಾಡೋ ದೇವೀರಮ್ಮ, ಅವಳ ಸೊಸೆ ಚಿಕ್ಕತಾಯಿ ಇದ್ದರು. ಅತ್ತೆಯ ಕಟ್ಟಪ್ಪಣೆ ಒಂದೇ: "ಹೇರಳೆ ಸಿಪ್ಪೆ ಕುದಿಸಿ ಮೂರು ನೀರು ಚೆಲ್ಲು ಕಣೆ. ಕಹಿ ಉಳಿದರೆ ನನ್ನ ಮಾನ ಹೋಗುತ್ತೆ."

ಆ ರಾಜ್ಯಕ್ಕೊಬ್ಬ ಮಾಂತ್ರಿಕ ಬಂದ. ಅವನಿಗೆ ಸ್ವಂತ ಮೈಯಿಲ್ಲ. ಕಂಡವರ ಮೈ ಹೊಕ್ಕು, ಅವರ ಬಿಸಿಯಲ್ಲೇ ತನ್ನಂಥ ಸಾವಿರ ಮರಿ ಮಾಡುತ್ತಿದ್ದ. ಅವನು ಸಾಕಿದ ಮಾಯದ ಏಡಿಯೋ, ದೊರೆಯ ಪಕ್ಕೆಯೊಳಗೆ ಗಂಟಾಗಿ ಕೂತು ದಿನದಿನಕ್ಕೂ ಬೆಳೆಯುತ್ತಿತ್ತು. ವೈದ್ಯರು ಕೈಚೆಲ್ಲಿದರು. ಒಂದು ದಿನ ಮಾಂತ್ರಿಕ ದೇವೀರಮ್ಮನನ್ನೂ ಹೊಕ್ಕ.

ಅತ್ತೆಯ ಮೈ ಕೆಂಡವಾಯಿತು. ಕೆಮ್ಮಿದಾಗೆಲ್ಲ ಸಾಸಿವೆಯಷ್ಟು ಮರಿಗಳು ಉದುರಿ, ಹೊಸ ಮೈ ಹುಡುಕುತ್ತ ಹಿತ್ತಲಿಗೆ ಹರಿದವು. ಚಿಕ್ಕತಾಯಿ ಹೇರಳೆ ರಸ ಹಿಂಡಿ ಕುಡಿಸಿದಳು. ಅತ್ತೆಯ ಬಾಯಿಂದಲೇ ಮಾಂತ್ರಿಕ ಚಪ್ಪರಿಸಿದ: "ಆಹಾ! ಬೆಲ್ಲ ಒಂದಿಷ್ಟು ಹಾಕು."

ಮೂರು ನೀರು ಚೆಲ್ಲಿದ ಸಿಪ್ಪೆ ಅರೆದು ತಿನ್ನಿಸಿದಳು. ಮಾಂತ್ರಿಕ ತೇಗಿದ: "ಭೇಷ್, ಇನ್ನೊಂದು ತುತ್ತು!"

ಚಿಕ್ಕತಾಯಿಗೆ ಅಳು ಬಂತು. ಎಷ್ಟೇ ಬೈದರೂ, ಸೊಸೆ ಹಸಿದು ಮಲಗೋದಕ್ಕೆ ಒಂದು ದಿನವೂ ಬಿಟ್ಟವಳಲ್ಲ ಆ ಅತ್ತೆ. ಕಣ್ಣೊರೆಸಿಕೊಳ್ಳುತ್ತ ಹಿತ್ತಲಿಗೆ ಹೋದಳು. ಸಿಪ್ಪೆಯ ಮೊದಲ ನೀರು ಚೆಲ್ಲಿದ್ದ ಜಾಗದಲ್ಲಿ ಮರಿಗಳು ರಾಶಿರಾಶಿ ಸತ್ತುಬಿದ್ದಿದ್ದವು.

"ಅಯ್ಯೋ ಶಿವನೇ! ಮದ್ದು ಚೆಲ್ಲಿ ಸಿಪ್ಪೆ ತಿನ್ನಿಸಿದೆನಲ್ಲ!"

ಮತ್ತೆ ಸಿಪ್ಪೆ ಕುದಿಸಿ ಮೊದಲ ನೀರು ತಂದಳು. ಕೇರಿಯ ಹೆಂಗಸರು ಬಾಗಿಲಲ್ಲೇ ತಡೆದರು. "ಸೊಸೆ ಅತ್ತೆಗೆ ಕಹಿ ಕುಡಿಸ್ತಾಳಂತೆ! ಇನ್ನು ಹೇಳೋದೇನು ಬಂತು?"

"ಇದು ನಂಜೇ ಇರಬಹುದು, ನನಗೂ ಗೊತ್ತಿಲ್ಲ. ಅದಕ್ಕೇ ಮೊದಲು ನಾನು ಕುಡೀತೀನಿ" ಅಂದಳು ಚಿಕ್ಕತಾಯಿ.

ಒಂದು ಲೋಟ ಕುಡಿದಳು. ಹೊಟ್ಟೆ ಹಿಂಡಿ ವಾಂತಿಯಾಯಿತು. ಮರುದಿನ ಅರ್ಧ ಲೋಟ ಕುಡಿದಳು, ತಲೆ ಸುತ್ತಿತು. ಮೂರನೆಯ ದಿನ ಒಂದೇ ಒಂದು ಸೌಟು ಕುಡಿದಳು. ಏನೂ ಆಗಲಿಲ್ಲ.

ಅಷ್ಟನ್ನೇ ಅತ್ತೆಯ ಬಾಯಿಗೆ ಹಿಡಿದಳು. ಒಳಗಿಂದ ಮಾಂತ್ರಿಕ ಅರಚಿದ: "ಕುಡೀಬೇಡ ಮುದುಕಿ! ಸೊಸೆ ನಿನ್ನ ಕೊಲ್ತಾಳೆ!"

ದೇವೀರಮ್ಮ ಸೊಸೆಯ ಮುಖವನ್ನೇ ನೋಡಿದಳು. ಮೂರು ದಿನಕ್ಕೆ ಅದು ಬಾಡಿಹೋಗಿತ್ತು. "ಕೊಡು ಮಗಳೇ" ಅಂದಳು. ಅವಳು ಹಾಗೆ ಕರೆದದ್ದು ಅದೇ ಮೊದಲು.

ನುಂಗಿದ್ದೇ ತಡ, ಒಳಗಿನ ಮರಿಗಳೆಲ್ಲ ಸತ್ತವು. ರಾಜ್ಯದ ರೋಗಿಗಳೆಲ್ಲ ಒಂದೊಂದು ಸೌಟು ಕುಡಿದು ಎದ್ದು ಕೂತರು. ಹೊಗಲು ಮೈ ಸಿಗದೆ ಮಾಂತ್ರಿಕ ಹೊಗೆಯಾಗಿ ಹೋದ.

ದೊರೆಯೂ ಕುಡಿದ. ಏಡಿ ಬೆಳೆಯೋದು ನಿಂತಿತು, ಪಕ್ಕೆ ಹಿಡಿದಿದ್ದ ಅದರ ಒಂದು ಕೈ ಸಡಿಲವಾಯಿತು. "ಸಕಲ ರೋಗಕ್ಕೂ ಮದ್ದು ಸಿಕ್ಕಿತು ಅಂತ ಡಂಗುರ ಸಾರಿ!" ಅಂದ ದೊರೆ.

"ತಡೀರಿ ಮಹಾಪ್ರಭು" ಅಂದಳು ಚಿಕ್ಕತಾಯಿ. "ಏಡಿ ಬಿಟ್ಟಿರೋದು ಒಂದೇ ಕೈ. ಉಳಿದದ್ದು ಬಿಡುತ್ತೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಸಾರಿದರೆ ನಂಬಿದವರು ಸಾಯ್ತಾರೆ."

ದೊರೆ ಪೆಚ್ಚಾದ. ಆಮೇಲೆ ಇದ್ದದ್ದನ್ನೇ ಸಾರಿಸಿದ: "ಏಡಿ ಒಂದು ಕೈ ಬಿಟ್ಟಿದೆ. ಇನ್ನೂ ನೋಡ್ತಿದ್ದೀವಿ. ಮೊದಲ ನೀರು ಚೆಲ್ಲಬೇಡಿ!" ಅಂಥ ಡಂಗುರವನ್ನು ಜನ ಎಂದೂ ಕೇಳಿರಲಿಲ್ಲ.

ಚಿಕ್ಕತಾಯಿ ಆ ನೀರಿಗೆ ಎರಡು ಬಗೆಯ ಬೇರನ್ನೂ ಕೂಡಿಸಿ ನೋಡಿ, ಸೋತು, ಮತ್ತೆ ನೋಡಿದಳು. ಮೂರನೆಯ ವರ್ಷಕ್ಕೆ ಏಡಿ ಪೂರ್ತಿ ಉದುರಿತು. ರಾಜ್ಯ ತಣ್ಣಗಾಯಿತು, ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ದೇವೀರಮ್ಮನ ಬೈಗುಳ ಮಾತ್ರ ನಿಲ್ಲಲಿಲ್ಲ. ದಿನಾ ಬೆಳಗಾದರೆ ಒಲೆಯ ಮುಂದೆ ಕೂತು ಕೂಗುತ್ತಿದ್ದಳು:

"ಮೊದಲ ನೀರು ಎತ್ತಿಟ್ಟೆಯೇನೇ, ಮಗಳೇ?"