ಒಂದು ಬಟ್ಟಲಿಗೆ ಎರಡು ನಾಲಗೆ

ಮುರಿದ ಮುಂಬಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದ ಹೆಂಗಸು ಕುರ್ಚಿಯಲ್ಲಿ ಕೂತವಳೇ, "ಹಲ್ಲು ಹೋದ್ರೆ ಹೋಗ್ಲಿ ಡಾಕ್ಟ್ರೇ, ಮಾನ ಉಳಿಸಿ," ಎಂದಳು. ಹಲ್ಲಿನ ಡಾಕ್ಟರಿಗೆ ಗೊತ್ತಿದ್ದದ್ದು ಹಲ್ಲಿನ ಕೆಲಸ. ಮಾನದ ಕೇಸುಗಳೆಲ್ಲ ಮಹಡಿಯ ಮೇಲಿದ್ದ ಮಾವನ ಪಾಲು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಮಾವ ಊರವರ ಕಗ್ಗಂಟು ಬಿಡಿಸುವುದನ್ನೇ ಕಸುಬು ಮಾಡಿಕೊಂಡಿದ್ದರು. ಅಳಿಯ ಕೂಗಿದ ಕೂಡಲೇ ಇಳಿದು ಬಂದರು.

ಹೆಂಗಸು ಬೀದಿ ಬೋರ್ಡುಗಳಿಗೆ ಜಾಹೀರಾತು ಅಂಟಿಸುವವಳು. ಗಿರಣಿ ಮುಚ್ಚಬೇಕೋ ಬೇಡವೋ ಎಂದು ಊರೇ ಕಚ್ಚಾಡುತ್ತಿದ್ದ ಸಮಯ ಅದು. ಬೆಳಿಗ್ಗೆ ಬಂಗಲೆಗಳ ರಸ್ತೆಯಲ್ಲಿ ಅವಳು ಅಂಟಿಸಿದ ಚಹಾ ಕಂಪನಿಯ ಬೋರ್ಡಿನಲ್ಲಿ 'ಗಿರಣಿ ಉಳಿಯಲಿ, ಒಲೆ ಉರಿಯಲಿ' ಎಂದಿತ್ತು. ಗಿರಣಿಯ ಹೊಗೆಗೆ ರೋಸಿಹೋಗಿದ್ದ ಬಂಗಲೆಯವರು ವಾಕಿಂಗಿಗೆ ಬಂದು ನೋಡಿ ಕೆಂಡವಾದರು. ಅವಳಿನ್ನೂ ಮೇಲಿರುವಾಗಲೇ ಯಾರೋ ಏಣಿ ಅಲುಗಾಡಿಸಿದರು. ಅವಳು ಮುಖ ಕೆಳಗಾಗಿ ಬಿದ್ದಳು.

"ಕಂಪನಿ ಕೊಟ್ಟಿದ್ದನ್ನೇ ಅಂಟಿಸಿದ್ದು. ಈಗ ಅವರ ಪ್ರಚಾರದ ಸಾಹೇಬ್ರು, ನಮ್ಮಣ್ಣ ಗಿರಣೀಲಿದಾನೆ ಅಂತ ನಾನೇ ನಕಲಿ ಹಾಳೆ ಸೇರಿಸಿದೀನಿ ಅಂತಾರೆ. ಪೊಲೀಸ್ರಿಗೆ ದೂರೂ ಕೊಟ್ಟಿದಾರೆ. ಸಂಜೆಯೊಳಗೆ ಒಪ್ಕೊಳ್ದಿದ್ರೆ ಜೈಲಂತೆ."

ಡಾಕ್ಟರಿಗೆ ಮೈಯೆಲ್ಲ ಉರಿಯಿತು. "ಇವ್ರಿಗೆ ನಾಚಿಕೆ ಅನ್ನೋದೇ ಇಲ್ವಾ?"

"ಅಳಿಯಂದಿರೇ, ಕೋಪ ಆಮೇಲೆ. ಮೊದಲು ಚಪ್ಪಲಿ ಮೆಟ್ಕೊಳ್ಳಿ," ಎಂದರು ಮಾವ.

ಬಂಗಲೆ ರಸ್ತೆಯ ಬೋರ್ಡು ಹಲವು ಹಾಳೆಗಳನ್ನು ಜೋಡಿಸಿದ ಒಂದೇ ಚಿತ್ರ. ಕೆಳಗೆ ಚಹಾ ಬಟ್ಟಲು ಹಿಡಿದು ನಗುವ ಚೆಲುವೆ, ಘೋಷಣೆ ಮೇಲಿನ ಒಂದು ಹಾಳೆಯಲ್ಲಿ ಮಾತ್ರ. ಬಟ್ಟಲಿನ ಹಬೆ ಕೆಳಗಿನ ಹಾಳೆಯಿಂದ ಎದ್ದು, ಕೂದಲೆಳೆಯಷ್ಟೂ ತಪ್ಪದೆ ಮೇಲಿನದಕ್ಕೆ ಹರಿದಿತ್ತು. ಮಾವ ಅದನ್ನೂ ಮೇಲಿನ ಹಾಳೆಯ ಅಂಚಿನಲ್ಲಿದ್ದ ಸಣ್ಣ ಗುರುತಿನ ಸಂಖ್ಯೆಯನ್ನೂ ದಿಟ್ಟಿಸಿದರು.

"ಈ ಚಿತ್ರ ಇನ್ನೆಲ್ಲಿದೆಯಮ್ಮಾ?"

"ಗಿರಣಿ ಬೀದೀಲಿ. ಅದನ್ನ ಅಂಟಿಸಿದ್ದು ಇನ್ನೊಬ್ಬ. ಅವನನ್ನ ಕಂಪನಿಯವ್ರು ಆಗ್ಲೇ ಬೇರೆ ಊರಿಗೆ ಕೆಲಸಕ್ಕೆ ಕಳಿಸ್ಬಿಟ್ರು."

ಗಿರಣಿ ಬೀದಿಯಲ್ಲೂ ಅದೇ ಚೆಲುವೆ, ಅದೇ ಬಟ್ಟಲು. ಮೇಲಿನ ಹಾಳೆ ಮಾತ್ರ ಇರಲಿಲ್ಲ. ಆ ಜಾಗದಲ್ಲಿ ಅಂಟು ಬಳಿದ ಗುರುತೂ ಹರಿದ ಕಾಗದದ ಒಂದು ಮೂಲೆಯೂ ಉಳಿದಿದ್ದವು. ಮಾವ ಆ ಮೂಲೆಯನ್ನು ನಾಜೂಕಾಗಿ ಎಬ್ಬಿಸಿ ಜೇಬಿಗಿಳಿಸಿದರು.

ಸಂಜೆ ಎಲ್ಲರೂ ದವಾಖಾನೆಯಲ್ಲೇ ಸೇರಿದರು: ಹೆಂಗಸು, ಅವಳ ಅಣ್ಣ, ಇನ್ಸ್‌ಪೆಕ್ಟರು, ಸುರುಳಿ ಸುತ್ತಿದ ಹಾಳೆಯೊಂದಿಗೆ ಪ್ರಚಾರದ ಸಾಹೇಬ.

"ನೋಡಿ, ಅಸಲಿ ಹಾಳೆ," ಎಂದು ಸಾಹೇಬ ಬಿಡಿಸಿದ. 'ಗಿರಣಿ ಮುಚ್ಚಲಿ, ಊರು ಉಸಿರಾಡಲಿ' ಎಂದಿತ್ತು. "ಒಂದೊಂದು ಬೋರ್ಡಿಗೆ ಘೋಷಣೆಯದು ಒಂದೇ ಹಾಳೆ ಅಚ್ಚು ಹಾಕಿಸೋದು, ಹೆಚ್ಚಿಗೆ ಇರಲ್ಲ. ಇವಳು ಇದನ್ನ ಗೋದಾಮಿನಲ್ಲೇ ಬಿಟ್ಟು ನಕಲಿಯನ್ನ ಅಂಟಿಸಿದಾಳೆ."

"ಗೋದಾಮು ಬಿಟ್ಟು ಹೊರಗೆ ಬಂದೇ ಇಲ್ವಾ ಇದು?"

"ಇಲ್ಲ ಸಾರ್."

ಮಾವ ಹಾಳೆಯನ್ನು ಮಗುಚಿದರು. ಬೆನ್ನು ತುಂಬ ಒಣಗಿದ ಅಂಟು. ಒಂದು ಮೂಲೆ ಇರಲಿಲ್ಲ. ಮಾವ ಜೇಬಿನಿಂದ ಆ ಚೂರನ್ನು ತೆಗೆದು ಅಲ್ಲಿಟ್ಟರು. ಸರಿಯಾಗಿ ಕೂತಿತು.

"ಇದು ಬೆಳಿಗ್ಗೆ ಗಿರಣಿ ಬೀದಿಯ ಬೋರ್ಡಿನ ಮೇಲಿತ್ತು, ಇನ್ಸ್‌ಪೆಕ್ಟ್ರೇ. ಬಂಗಲೆ ರಸ್ತೆಯದು ನಕಲಿ ಆಗಿದ್ರೆ ಹಬೆ ಅಷ್ಟು ಕರಾರುವಾಕ್ಕಾಗಿ ಕೂಡ್ತಿರ್ಲಿಲ್ಲ. ಇಲ್ಲಿ ನೋಡಿ, ಅದೇ ಹಬೆ. ಎರಡೂ ಒಂದೇ ಅಚ್ಚಿನವು. ಬಂಗಲೆಯವ್ರಿಗೆ 'ಮುಚ್ಚಲಿ', ಗಿರಣಿಯವ್ರಿಗೆ 'ಉಳಿಯಲಿ' ಅಂತ ಎರಡನ್ನೂ ಕಂಪನಿಯೇ ಅಚ್ಚು ಹಾಕಿಸಿದ್ದು. ಚಿತ್ರ ಒಂದೇ ಅಂತ ಗುರುತಿನ ಸಂಖ್ಯೆಯೂ ಒಂದೇ ಹಾಕಿದಾರೆ. ಹಾಗಾಗಿ ಗೋದಾಮಿನವರು ಅದಲು ಬದಲು ಮಾಡಿದ್ರು. ಬಂಗಲೆಯವ್ರು ಎದ್ದು ನೋಡಿದ್ರು, ಗಲಾಟೆ ಆಯ್ತು. ಗಿರಣಿಯವ್ರು ಇನ್ನೂ ಪಾಳೀಲಿದ್ರು. ಅವ್ರು ಹೊರಗೆ ಬರೋ ಮುಂಚೆ ಸಾಹೇಬ್ರು ಓಡಿ, ಹಸಿ ಹಾಳೆ ಕಿತ್ಕೊಂಡು, ಅಂಟಿಸಿದವನನ್ನ ಊರು ಬಿಡಿಸಿದ್ರು. ತಪ್ಪು ಹೊರೋಕೆ ಈಯಮ್ಮ ಸಿಕ್ಕಿದ್ಲು."

ಸಾಹೇಬ ಬೆವರು ಒರೆಸಿಕೊಂಡ. "ಸಾರ್, ಇದು ಮಾರ್ಕೆಟಿಂಗ್. ಒಂದೊಂದು ಏರಿಯಾಕ್ಕೆ ಒಂದೊಂದು ಅಭಿಪ್ರಾಯ. ಎಲ್ರೂ ಹಾಗೇ ಮಾಡೋದು."

ಡಾಕ್ಟರಿಗೆ ತಡೆಯಲಾಗಲಿಲ್ಲ. "ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು ಅಂತೀರಿ. ಮುರಿದಿದ್ದು ಇವಳ ಹಲ್ಲು ಕಣ್ರೀ! ಊರು ಹೊಡೆದಾಡ್ತಾ ಇದ್ರೆ ಆ ಬೆಂಕೀಲಿ ಚಹಾ ಕಾಯಿಸ್ಕೋತೀರಾ?"

ಇನ್ಸ್‌ಪೆಕ್ಟರು ದೂರಿನ ಕಾಗದವನ್ನು ಸಾಹೇಬನ ಕೈಗೇ ತುರುಕಿದರು. "ಸುಳ್ಳು ದೂರಿಗೆ ಕೇಸು ನಿಮ್ಮ ಮೇಲೇ ಬೀಳುತ್ತೆ. ಈಯಮ್ಮನಿಗೆ ಏನು ಬೇಕೋ ಕೇಳಿ."

ಹೆಂಗಸು ಆ ಹಾಳೆಯನ್ನು ಎತ್ತಿಕೊಂಡಳು. "ಇದನ್ನ ಆ ಇನ್ನೊಂದರ ಪಕ್ಕದಲ್ಲೇ ಅಂಟಿಸ್ಬೇಕು. ಎರಡನ್ನೂ ಎಲ್ರೂ ಓದ್ಲಿ."

ಕತ್ತಲಾಗುವ ಮೊದಲೇ ಬಂಗಲೆ ರಸ್ತೆಯಲ್ಲಿ ಜನ ನೆರೆದರು. ಬೆಳಿಗ್ಗೆ ಕೂಗಾಡಿದವರೂ ಇದ್ದರು. ಅಣ್ಣ ಏಣಿ ಹಿಡಿಯಲು ಬಂದಾಗ ಅವಳು ಬೇಡವೆಂದಳು.

"ಸಾಹೇಬ್ರು ಹಿಡ್ಕೋತಾರೆ," ಎಂದಳು. "ಗಟ್ಟಿಯಾಗಿ ಹಿಡೀರಿ ಸಾರ್. ಇನ್ನೊಂದು ಹಲ್ಲು ಕಳ್ಕೊಳ್ಳೋ ಆಸೆ ನನಗಿಲ್ಲ."

ಸಾಹೇಬ ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತ. ಅವಳು ಮೇಲೆ ನಿಧಾನವಾಗಿ, ಒಂದು ಸುಕ್ಕೂ ಉಳಿಯದಂತೆ ಹಾಳೆಯನ್ನು ಸವರಿದಳು.