ಅಮ್ಮನ ದನಿಗೆ ಬಿದ್ದ ಗೊರಗೊರ

"ನನ್ನ ಕಂಪ್ಯೂಟರಲ್ಲಿ ಚೆನ್ನಾಗೇ ಬರ್ತಿದೆಯಲ್ಲ!"

ಇಷ್ಟಂದು ಅವನು ಕುರ್ಚಿಗೆ ಒರಗಿದ, ಕೆಲಸ ಮುಗಿಯಿತು ಎಂಬಂತೆ.

ಆ ಸ್ಟುಡಿಯೋದಲ್ಲಿ ಅವಳು ಧ್ವನಿಮುದ್ರಣ ತಿದ್ದುವವಳು. ಅವನು ಕಂಪ್ಯೂಟರಿಗೆ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆಯುವವನು. ಅವನಿಗೆ ಅವಳಿಟ್ಟ ಹೆಸರು ಪಂಡಿತ. ಪಾಪ, ಅದನ್ನು ಹೊಗಳಿಕೆ ಅಂದುಕೊಂಡಿದ್ದ!

"ಹಾಗಾದ್ರೆ ನಿಮ್ಮ ಕಂಪ್ಯೂಟರನ್ನೇ ಹೊತ್ಕೊಂಡು ಹೋಗಿ ನಮ್ಮಮ್ಮನ ಮುಂದೆ ಇಡ್ಲಾ?"

"ಫೈಲನ್ನ ನೀವೇ ಎಲ್ಲೋ ಕೆಡಿಸಿರ್ತೀರ."

ನಾನಾ?... ಅವಳ ಕಣ್ಣು ತುಂಬಿತು. ಇವನೆದುರು ಅಳೋದಾ? ಥೂ!

ಅಮ್ಮ ಒಂದು ಕಾಲದಲ್ಲಿ ಮಕ್ಕಳ ಕಥೆಗಳನ್ನು ಓದಿ ಟೇಪಿಗೆ ತುಂಬಿದ್ದಳು. ಗಂಟಲಿನ ಆಪರೇಷನ್ ಆದಮೇಲೆ ಉಳಿದದ್ದು ಪಿಸುಮಾತು ಮಾತ್ರ. ಟೇಪಂತೂ ಕಂಪ್ಯೂಟರಿಗೆ ದಾಟಿಸುವಷ್ಟರಲ್ಲೇ ಪುಡಿಯಾಯಿತು. ಆ ಉದ್ದನೆಯ ಫೈಲನ್ನು ಕಥೆಗೊಂದು ತುಂಡಾಗಿ ಕತ್ತರಿಸಲು ಪಂಡಿತ ಸ್ಕ್ರಿಪ್ಟ್ ಕೊಟ್ಟಿದ್ದ. ಅವಳ ವಿಂಡೋಸ್ ಕಂಪ್ಯೂಟರಿನಲ್ಲಿ ಅದು ತುಂಡುಗಳನ್ನು ಮಾಡಿಟ್ಟು, ಮೂಲ ಫೈಲನ್ನು ಬಹಳ ಅಚ್ಚುಕಟ್ಟಾಗಿ ಅಳಿಸಿಹಾಕಿತು!

ತುಂಡುಗಳಲ್ಲಿ ಅಮ್ಮ ಇರಲಿಲ್ಲ... ಬರೀ ಗೊರಗೊರ.

"ಅಷ್ಟಕ್ಕೂ ನೀವು ಯಾವುದರ ಮೇಲೆ ಪರೀಕ್ಷೆ ಮಾಡಿದ್ರಿ?"

"ನನ್ನ ಲಿನಕ್ಸ್ ಕಂಪ್ಯೂಟರಲ್ಲಿ. ನನ್ನದೇ ಶಿಳ್ಳೆ ಮೇಲೆ."

"ಆಹಾ! ಆ ದಿವ್ಯ ಶಿಳ್ಳೆಯನ್ನ ನನ್ನ ಕಂಪ್ಯೂಟರಲ್ಲಿ ಕತ್ತರಿಸಿ ತೋರಿಸಿ, ಬನ್ನಿ."

ಬಂದ. ಕತ್ತರಿಸಿದ. ಗೊರಗೊರ!

ಅವನ ಕಿವಿ ಕೆಂಪಾಯಿತು. ಎರಡೂ ಕಂಪ್ಯೂಟರುಗಳ ತುಂಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ.

"ಏನೂ ಕಳೆದಿಲ್ಲ... ಹೆಚ್ಚಾಗಿದೆ!"

"ಕನ್ನಡದಲ್ಲಿ ಹೇಳಿ."

"ಬರೆಯೋ ಫೈಲನ್ನ ಬೈನರಿ, ಅಂದ್ರೆ ಅಕ್ಷರ ಅಲ್ಲ, ಅಂತ ಹೇಳದೇ ಇದ್ರೆ, ವಿಂಡೋಸ್ ಅದನ್ನ ಬರಹ ಅಂದ್ಕೊಂಡುಬಿಡುತ್ತೆ. ಸಾಲು ಮುಗಿಯೋ ಗುರುತಿನಂಥ ಬೈಟ್ ಕಂಡಲ್ಲೆಲ್ಲ ಅದಕ್ಕೆ ಮುಂಚೆ ಇನ್ನೊಂದು ಬೈಟ್ ತುರುಕುತ್ತೆ. ಲಿನಕ್ಸಲ್ಲಿ ಹಾಗಾಗಲ್ಲ. ಓದೋವಾಗ ಬೈನರಿ ಅಂತ ಹೇಳಿದ್ದೆ... ಬರೆಯೋವಾಗ ಮರೆತೆ."

"ಅಂದ್ರೆ ಕೆಡಿಸಿದ್ದು?"

"ನಾನು."

ಈ ಮನುಷ್ಯನಿಗೆ ಇದನ್ನು ಹೇಳೋಕೂ ಬರುತ್ತಾ! ಅವಳಿಗೆ ಬೈಯುವುದೇ ಮರೆತುಹೋಯಿತು.

"ತುರುಕಿದ್ದನ್ನಷ್ಟೇ ತೆಗೆದ್ರೆ ನಿಮ್ಮಮ್ಮ ವಾಪಸ್," ಅಂದ. ಈ ಸಲ ಸ್ಕ್ರಿಪ್ಟಿನಲ್ಲಿ ಓದುವ ಕಡೆಯೂ ಬರೆಯುವ ಕಡೆಯೂ ಬೈನರಿ ಅಂತ ಬರೆದ. ಬುದ್ಧಿ ಬಂದು ಮೊದಲು ತುಂಡುಗಳ ನಕಲು ತೆಗೆದಿಟ್ಟ. ಆಮೇಲೆ ಸರಿಮಾಡಿದ ಮೊದಲ ತುಂಡನ್ನು ಹಚ್ಚಿದ.

"ಮಕ್ಕಳೇ, ಕಾಲು ಅಲ್ಲಾಡಿಸದೆ ಕೂತ್ಕೊಂಡ್ರಾ? ಇಲ್ಲಾಂದ್ರೆ ಕಥೆ ಇಲ್ಲ!"

ಅಮ್ಮ!... ಅವಳು ಅತ್ತೇಬಿಟ್ಟಳು, ಅವನೆದುರೇ. ಫೋನು ಮಾಡಿ ಅಮ್ಮನಿಗೂ ಕೇಳಿಸಿದಳು.

"ಅಬ್ಬಾ, ಎಷ್ಟು ಜಂಬ ಇತ್ತೇ ನಂಗೆ!" ಪಿಸುದನಿ ನಕ್ಕಿತು. "ಪಕ್ಕದಲ್ಲಿ ಯಾರು?"

"ಇದನ್ನ ಕೆಡಿಸಿದವರು."

"ಸರಿ ಮಾಡಿದ್ದು?"

"...ಅವರೇ."

"ಹಾಗಾದ್ರೆ ಊಟಕ್ಕೆ ಕರ್ಕೊಂಡು ಬಾ."

ಫೋನು ಇಟ್ಟಮೇಲೂ ಪಂಡಿತ ಕದಲಲಿಲ್ಲ.

"ನನ್ನ ರೋಗಾನೂ ಅದೇ," ಅಂದ. "ನೀವು ಆಡಿದ್ದೆಲ್ಲ ಒಳಗೆ ಸರಿಯಾಗೇ ಹೋಗುತ್ತೆ, ಬೈಗುಳಾನೂ. ನಾನು ಬಾಯಿ ಬಿಟ್ರೆ ಮಾತ್ರ ಗೊರಗೊರ... ನೀವಂದ್ರೆ ನಂಗಿಷ್ಟ. ತುಂಬಾ."

ಅವಳು ಕಣ್ಣೊರೆಸಿಕೊಂಡಳು.

"ನನ್ನ ಕಡೆ ಚೆನ್ನಾಗೇ ಕೇಳಿಸ್ತಿದೆ, ಪಂಡಿತರೇ. ಇನ್ನೊಂದು ಸಲ ಹೇಳಿ."